ಹಾಜರಿ ಕೂಗೋ ಕಾಜಾಣ

ಹೊಳೆ ಮಧ್ಯ ಒಂದು ನಡುಗಡ್ಡೆ ಇತ್ತು. ತುಂಬ ಚಿಕ್ಕದು. ನಿಮ್ಮ ಸ್ಕೂಲ್ ಮೈದಾನಕ್ಕಿಂತ ಒಂಚೂರು ದೊಡ್ಡದು ಅಂದ್ಕೊಳ್ಳಿ. ಮೇಲಿನ ತುದೀಲಿ ಮರಳು. ಅಲ್ಲಿ ನೀರು ಬಂಡೆಗಳಿಗೆ ಬಡಿದು ಯಾವಾಗ್ಲೂ ಜೋರು ಸದ್ದು. ಕೆಳಗಿನ ತುದೀಲಿ ಆಳೆತ್ತರದ ಜೊಂಡು. ನಡುವೆ ಒಂದು ಹಳೇ ಹೊಳೆಮತ್ತಿ ಮರ.

ಬೇಸಿಗೇಲಿ ಅಲ್ಲಿ ಊರಿನೋರು ಮಾತ್ರ ಇರ್ತಿದ್ರು, ಅಂದ್ರೆ ವರ್ಷವಿಡೀ ಅಲ್ಲೇ ಬದುಕೋ ಪ್ರಾಣಿ ಪಕ್ಷಿಗಳು. ಚಳಿಗಾಲ ಬಂತು ಅಂದ್ರೆ ನೆಂಟರು ಬರೋಕೆ ಶುರು. ಬಾಲ ಕುಣಿಸೋ ಕುಂಡೆಕುಸ್ಕಗಳು, ಉದ್ದ ಕಾಲಿನ ಗದ್ದೆಗೊರವಗಳು, ಸೂಜಿಬಾಲದ ಬಾತುಗಳು. ಎಲ್ಲೋ ಹಿಮ ಬೀಳೋ ದೇಶದಿಂದ ಬರ್ತಿದ್ವು, ಹೊಟ್ಟೆಗೆ ಹುಡುಕ್ಕೊಂಡು, ಒಂದಿಷ್ಟು ಬೆಚ್ಚಗಿರೋಣ ಅಂತ.

ಇಷ್ಟೊಂದು ಜನ ಬಂದ್ರೆ, ಯಾರು ಬಂದ್ರು, ಯಾರು ಎಲ್ಲಿ ಇಳ್ಕೊಂಡ್ರು ಅಂತ ಗೊತ್ತಾಗಬೇಕಲ್ಲ. ಅದಕ್ಕೆ ಅಲ್ಲೊಂದು ಪದ್ಧತಿ ಇತ್ತು. ಬೆಳಿಗ್ಗೆ ಮಂಜು ತೆಳ್ಳಗಾಗ್ತಿದ್ದ ಹಾಗೆ ಕರಿಯಣ್ಣ ಅನ್ನೋ ಕಾಜಾಣ ಹೊಳೆಮತ್ತಿ ತುದೀಲಿ ಕೂತು ಹಾಜರಿ ಕೂಗ್ತಿದ್ದ. ಕಾಜಾಣ ನೋಡಿದ್ದೀರಲ್ಲ, ಮೈಯೆಲ್ಲ ಕಪ್ಪು, ಬಾಲ ಕತ್ತರಿ ಥರ ಸೀಳಿರತ್ತೆ. ಯಾರ ದನಿ ಕೇಳಿದ್ರೂ ಅದು ಹಾಗೇ ಕೂಗಿ ತೋರಿಸತ್ತೆ. ಕರಿಯಣ್ಣನೂ ಅಷ್ಟೇ. ಮರಳಿನ ಕಡೆಯಿಂದ ಶುರು ಮಾಡಿ ಜೊಂಡಿನ ತನಕ, ಯಾರ್ಯಾರು ಎಲ್ಲೆಲ್ಲಿ ಇದ್ದಾರೋ ಅವರವರ ದನೀಲೇ ಕೂಗ್ತಾ ಬರ್ತಿದ್ದ. ಮೇಲೆ ಹಾರಿ ಹೋಗ್ತಿದ್ದ ಹಕ್ಕಿಗಳಿಗೆ ತಮ್ಮವರ ದನಿ ಕೇಳಿದ್ರೆ, ಓ ನಮ್ಮೋರು ಇಲ್ಲಿದ್ದಾರೆ ಅಂತ ನೆಮ್ಮದಿಯಿಂದ ಇಳೀತಿದ್ವು.

ಹೊಳೆಯ ಎರಡೂ ದಡದಲ್ಲಿ ಕರಿಯಣ್ಣನ ಹಾಜರಿ ಅಂದ್ರೆ ನಂಬಿಕೆ. ಅವನು ಇದಾರೆ ಅಂದ್ರೆ ಇದಾರೆ, ಇಲ್ಲ ಅಂದ್ರೆ ಇಲ್ಲ. ಆ ಹೆಸರು ಅವನಿಗೆ ಎಷ್ಟು ಇಷ್ಟ ಆಗಿಬಿಟ್ಟಿತ್ತು ಅಂದ್ರೆ, ಗೊತ್ತಿಲ್ಲ ಅನ್ನೋ ಮಾತು ಅವನ ಬಾಯಿಗೆ ಬರ್ತಾನೇ ಇರಲಿಲ್ಲ. ಮರದಿಂದ ಇಳಿದು ಹತ್ತಿರ ಹೋಗಿ ನೋಡೋದಂತೂ ಅವಮಾನ. ಹತ್ತಿರ ಹೋಗಿ ನೋಡೋಕೆ ಕರಿಯಣ್ಣನೇ ಯಾಕೆ ಬೇಕು, ಯಾರು ಬೇಕಾದ್ರೂ ನೋಡ್ತಾರೆ ಅಂತಿದ್ದ.

ಒಂದು ಬೆಳಿಗ್ಗೆ ಮಂಜು ಜಾಸ್ತಿ ಇತ್ತು. ಕರಿಯಣ್ಣ ಮರಳಿನ ಕಡೆಯೋರನ್ನ ಮುಗಿಸಿ, ಮರದ ಬುಡದೋರನ್ನ ಮುಗಿಸಿ, ಜೊಂಡಿನ ಸರದಿ ಬಂದಾಗ ಕೂಗೋದು ನಿಲ್ಲಿಸಿಬಿಟ್ಟ. ಅಲ್ಲೊಂದು ಹೊಸ ಹಕ್ಕಿ. ಬಾತಿಗಿಂತ ದೊಡ್ಡದು, ಬೂದಿ ಬಣ್ಣ, ಕಾಲೆಲ್ಲ ಕೆಸರು. ತಲೆ ಮೇಲೆ ಗುರುತು ಅಂತ ಏನೂ ಇಲ್ಲ. ಒಂದೇ ಒಂದು ಸಲ ಒಡಕು ದನೀಲಿ 'ಈಂಗ್' ಅಂದು ಸುಮ್ಮನಾಯ್ತು. ಆ ದನಿ ಕರಿಯಣ್ಣ ಯಾವತ್ತೂ ಕೇಳಿರಲಿಲ್ಲ.

ಕೆಳಗೆ ಎಲ್ಲರೂ ಕತ್ತೆತ್ತಿ ಕಾಯ್ತಿದ್ರು.

"ಏನಪ್ಪ ಕರಿಯಣ್ಣ, ಜೊಂಡಿನ ಹತ್ರ ಬಂದು ಗಂಟಲು ಕಟ್ಕೊಂಡ್ತಾ?" ಅಂತ ನೀರುಕಾಗೆ ಮುಳುಗಪ್ಪ ರೆಕ್ಕೆ ಒಣಗಿಸ್ಕೊಳ್ತಾ ಕೆಣಕಿದ. ಒಂದಿಬ್ಬರು ಕಿಸಕ್ಕಂದ್ರು.

ಕರಿಯಣ್ಣನಿಗೆ ತಡ್ಕೊಳ್ಳೋಕೆ ಆಗಲಿಲ್ಲ. "ಸಾಕಿದ ಬಾತು," ಅಂದ. "ಯಾರ ಮನೆಯಿಂದಲೋ ತಪ್ಪಿಸ್ಕೊಂಡು ಬಂದಿದೆ."

ಅಷ್ಟು ಹೇಳಿ ಹಾಜರಿ ಮುಗಿಸಿದ. ಆದ್ರೆ ಆ ಮಾತು ಅಲ್ಲಿಗೆ ಮುಗೀಲಿಲ್ಲ. ಸಾಕಿದ ಬಾತು ಬಂತು ಅಂದ್ರೆ ಹಿಂದೇನೇ ಅದರ ಯಜಮಾನ ತೆಪ್ಪ ಹಾಕ್ಕೊಂಡು ಬರ್ತಾನೆ, ಜೊತೆಗೆ ನಾಯೀನೂ ಬರತ್ತೆ. ಎಲ್ಲರಿಗೂ ಆ ಭಯ. ಹೊತ್ತೇರೋ ಅಷ್ಟರಲ್ಲಿ ಜೊಂಡಿನ ಕಡೆ ಇದ್ದೋರೆಲ್ಲ ಜಾಗ ಖಾಲಿ ಮಾಡಿದ್ರು. ಹೋಗ್ತಾ ಹೋಗ್ತಾ, ನಿನ್ನ ಮನೆಗೆ ನೀನು ಹೋಗಬಾರದಾ ಅಂತ ಆ ಹೊಸ ಹಕ್ಕಿಗೆ ಅಂದು ಹೋದ್ರು. ಅದು ಪಾಪ, ಮೂಲೇಲಿ ಮುದುಡಿ ಕೂತಿತ್ತು.

ಅಲ್ಲಿಗೆ ಹೋಗಿದ್ದು ನೀರುನಾಯಿ ಗಂಗಕ್ಕ ಒಬ್ಬಳೇ. ಹಸಿದಿರಬೇಕು ಅಂತ ಬಾಯಲ್ಲೊಂದು ಮೀನು ಕಚ್ಚಿಕೊಂಡು ಹೋಗಿ ಅದರ ಮುಂದೆ ಇಟ್ಟಳು. ಹಕ್ಕಿ ಮೀನನ್ನ ನೋಡಿತು, ಗಂಗಕ್ಕನ್ನ ನೋಡಿತು.

"ಬೇಜಾರು ಮಾಡ್ಕೋಬೇಡಿ ಅಕ್ಕ. ನಾವು ಹುಲ್ಲು ತಿನ್ನೋರು."

ಗಂಗಕ್ಕ ಮೀನನ್ನ ತಾನೇ ತಿಂದು ಪಕ್ಕದಲ್ಲಿ ಕೂತಳು. ಆಮೇಲೆ ಆ ಹಕ್ಕಿ ಒಂದೊಂದೇ ಹೇಳ್ತು. ತಾನು ಹೆಬ್ಬಾತಿನ ಮರಿ. ಅಪ್ಪ ಅಮ್ಮನ ಜೊತೆ ಹಿಮದ ಬೆಟ್ಟ ದಾಟಿ ಬಂದಿದ್ದು. ಇಲ್ಲಿಗೆ ಹತ್ತಿರ ಬಂದಾಗ ದೊಡ್ಡ ಗಾಳಿ ಬೀಸಿ ದಿಕ್ಕು ತಪ್ಪಿತು, ರೆಕ್ಕೆ ಉಳುಕಿತು. ಹಾರೋಕೆ ಆಗ್ತಿಲ್ಲ. ಕೂಗಿದ್ರೆ ಗಂಟಲಿಂದ ದನೀನೇ ಬರ್ತಿಲ್ಲ. ಅಪ್ಪ ಅಮ್ಮ ಹುಡುಕ್ತಾ ಇರ್ತಾರೆ, ಸಿಕ್ಕೇ ಸಿಗ್ತಾರೆ. ಹಾಗಂತ ಹೇಳಿ ಮರಿ ಕತ್ತನ್ನ ರೆಕ್ಕೆ ಒಳಗೆ ಇಟ್ಕೊಂಡ್ತು.

ಗಂಗಕ್ಕ ನೆಟ್ಟಗೆ ಹೊಳೆಮತ್ತಿ ಬುಡಕ್ಕೆ ಬಂದಳು.

"ಕರಿಯಣ್ಣ, ಅದು ಹೆಬ್ಬಾತಂತೆ."

"ಹೆಬ್ಬಾತಿನ ತಲೆ ಮೇಲೆ ಎರಡು ಕಪ್ಪು ಪಟ್ಟೆ ಇರತ್ತೆ. ಇದಕ್ಕೆಲ್ಲಿದೆ?"

"ಇನ್ನೂ ಮರಿ ಕಣೋ. ಬೆಳೀತಾ ಬರತ್ತಂತೆ, ಅವರಮ್ಮ ಹೇಳಿದ್ದಾಳಂತೆ. ಒಂದು ಸಲ ಇಳಿದು ಬಂದು ನೋಡು. ನಿನಗೇನು, ಎರಡು ಸಲ ರೆಕ್ಕೆ ಬಡಿದ್ರೆ ಆಯ್ತು."

ಕರಿಯಣ್ಣನಿಗೂ ಒಳಗೊಳಗೇ ಅನುಮಾನ ಇತ್ತು. ಇಳಿದು ಹೋಗಿದ್ರೆ ಆಗ್ತಿತ್ತು. ಆದ್ರೆ ಹಾಜರಿ ಕೂಗಿ ಆಗಿದೆ, ಎಲ್ಲರೂ ಕೇಳಿ ಆಗಿದೆ. ಇವತ್ತು ಒಂದನ್ನ ತಿದ್ದಿದ್ರೆ, ನಾಳೆಯಿಂದ ಮುಳುಗಪ್ಪನಂಥೋರೂ ತನ್ನ ಹಾಜರೀನ ತಿದ್ದೋಕೆ ಬರ್ತಾರೆ. ಅದಕ್ಕೆ ಅವನು, ಕೂಗಿದ್ದು ಕೂಗಿ ಆಯ್ತು ಗಂಗಕ್ಕ, ಅಂತ ಹೇಳಿ ಬೇರೆ ಕಡೆ ಮುಖ ತಿರುಗಿಸಿದ. ಗಂಗಕ್ಕ ಉಳಿದೋರಿಗೂ ಹೇಳಿ ನೋಡಿದಳು. ಹಾಜರೀಲಿ ಹಾಗೆ ಬಂದಿಲ್ವಲ್ಲ ಅಂತ ಯಾರೂ ನಂಬಲಿಲ್ಲ.

ಮಾರನೇ ದಿನ ಮಧ್ಯಾಹ್ನ ಎರಡು ಹೆಬ್ಬಾತು ಬಂದ್ವು. ಗಂಡ ಹೆಂಡತಿ. ದಾರಿ ಉದ್ದಕ್ಕೂ ಒಂದೊಂದು ಕೆರೆ ಮೇಲೂ ಕೂಗಿ ಕೂಗಿ ಗಂಟಲು ಬತ್ತಿಹೋಗಿತ್ತು. ಸುಮ್ಮನೆ ಬಂದು ಮೇಲಿನ ತುದಿಯ ಮರಳಿನ ಮೇಲೆ ಇಳಿದ್ವು. ಕರಿಯಣ್ಣ ಅಲ್ಲೇ ಒಂದು ಬಂಡೆ ಮೇಲೆ ಬಿಸಿಲು ಕಾಯಿಸ್ತಿದ್ದ. ಗಂಗಕ್ಕ ಬೇಟೆಗೆ ಅಂತ ಆಚೆ ದಡಕ್ಕೆ ಹೋಗಿದ್ದಳು.

ಅಮ್ಮ ಹೆಬ್ಬಾತು ಹತ್ತಿರ ಬಂದು ಕೇಳಿದಳು. "ಹಾಜರಿ ಕೂಗೋರು ನೀವೇ ಅಲ್ವಾ? ನಿಮ್ಮ ವಿಷಯ ಮೂರನೇ ಕೆರೆಯಲ್ಲೇ ಹೇಳಿದ್ರು. ನಮ್ಮ ಮಗಳು ಕಳೆದುಹೋಗಿದ್ದಾಳೆ. ಈ ಕಡೆ ಯಾವುದಾದ್ರೂ ಹೆಬ್ಬಾತು ಬಂದಿದ್ಯಾ?"

ಕರಿಯಣ್ಣನಿಗೆ ಗಂಗಕ್ಕ ಹೇಳಿದ್ದು ನೆನಪಿಗೆ ಬಂತು. ಆದ್ರೆ ಅವನ ಬಾಯಿ ಅದಕ್ಕಿಂತ ಮುಂಚೇನೇ ಹೇಳಿಬಿಟ್ಟಿತ್ತು.

"ಈ ಸಲ ಇಲ್ಲಿಗೆ ಹೆಬ್ಬಾತು ಒಂದೂ ಬಂದಿಲ್ಲಮ್ಮ."

ಅಪ್ಪ ಹೆಬ್ಬಾತು, ಆ ಜೊಂಡಿನ ಕಡೆ ಒಂದು ಸುತ್ತು ನೋಡ್ಕೊಂಡು ಬರೋಣ್ವಾ ಅಂದ.

"ಇವರೇ ಇಲ್ಲ ಅಂತಾರಲ್ಲ," ಅಂದಳು ಅಮ್ಮ. "ಇನ್ನು ಹುಡುಕೋದೇನು. ಅವಳು ದಿಕ್ಕು ತಪ್ಪಿ ವಾಪಸ್ ಬೆಟ್ಟದ ಕಡೆಗೇ ಹೋಗಿರಬೇಕು. ನಡೀರಿ, ಹೊತ್ತು ಮುಳುಗೋ ಮುಂಚೆ ಎಷ್ಟಾಗತ್ತೋ ಅಷ್ಟು ವಾಪಸ್ ಹೋಗೋಣ."

ಚಳಿಗಾಲದ ನಟ್ಟನಡು. ಆ ಬೆಟ್ಟಗಳ ಮೇಲೆ ಈಗ ಬರೀ ಹಿಮ, ಬಿರುಗಾಳಿ. ಅಲ್ಲಿಗೆ ಹೋದೋರು ತಿರುಗಿ ಬರೋದು ಅನುಮಾನ. ಅದು ಅವರಿಗೂ ಗೊತ್ತಿತ್ತು, ಕರಿಯಣ್ಣನಿಗೂ ಗೊತ್ತಿತ್ತು.

ಎರಡೂ ಮೇಲೆದ್ವು. ನಡುಗಡ್ಡೆ ದಾಟೋವಾಗ ಅಮ್ಮ, ಇದ್ದ ದನೀನೆಲ್ಲ ಒಟ್ಟುಮಾಡಿ ಕೊನೇ ಸಲ 'ಆಂಗ್' ಅಂತ ಕೂಗಿದಳು. ಕೆಳಗೆ ಜೊಂಡಿನ ಒಳಗಿಂದ, ಸಣ್ಣದಾಗಿ, ಒಡಕಲಾಗಿ, 'ಈಂಗ್' ಅಂತ ಬಂತು.

ರೆಕ್ಕೆ ಸದ್ದಲ್ಲಿ ಹೆಬ್ಬಾತುಗಳಿಗೆ ಅದು ಕೇಳಲಿಲ್ಲ. ಮುಳುಗಪ್ಪನಿಗೆ ಕೇಳಲಿಲ್ಲ, ಬೇರೆ ಯಾರಿಗೂ ಕೇಳಲಿಲ್ಲ. ದನಿ ಹಿಡಿಯೋದೇ ಕೆಲಸ ಆಗಿದ್ದ ಕರಿಯಣ್ಣನಿಗೆ ಮಾತ್ರ ಕೇಳಿತು. ಅಮ್ಮನ ಕೂಗಿಗೂ ಮರಿಯ ಕೂಗಿಗೂ ಒಂದೇ ಎಳೆ, ಒಂದೇ ತಿರುವು.

ಅವನು ಸುಮ್ಮನೆ ಇದ್ದಿದ್ರೂ ಯಾರಿಗೂ ಗೊತ್ತಾಗ್ತಿರಲಿಲ್ಲ. ಹೆಬ್ಬಾತುಗಳು ಹೊರಟುಹೋಗ್ತಿದ್ವು. ಅವನ ಹಾಜರಿ ಸರಿಯಾಗೇ ಉಳೀತಿತ್ತು. ಬಂಡೆ ಮೇಲೆ ಕೂತು ಅವನು ಇದನ್ನೇ ಯೋಚನೆ ಮಾಡಿದ. ಅಷ್ಟರಲ್ಲಿ ಜೊಂಡಿನಿಂದ ಇನ್ನೊಂದು ಸಲ ಬಂತು, 'ಈಂಗ್'. ಮೊದಲಿನದಕ್ಕಿಂತ ಮೆಲ್ಲಗೆ.

ಕರಿಯಣ್ಣ ಹಾರಿದ.

ಹೆಬ್ಬಾತಿನ ರೆಕ್ಕೆ ಎಲ್ಲಿ, ಕಾಜಾಣದ ರೆಕ್ಕೆ ಎಲ್ಲಿ. ಹೊಳೆ ದಾಟಿ ಗದ್ದೆ ಬಯಲಿಗೆ ಬರೋ ಅಷ್ಟರಲ್ಲಿ ಅವು ಎರಡು ಚುಕ್ಕೆ ಆಗಿದ್ವು. ಇನ್ನು ಹಿಡಿಯೋಕೆ ಆಗಲ್ಲ ಅಂತ ಅವನಿಗೆ ಗೊತ್ತಾಯ್ತು. ಆಗ ಅವನು ಇದ್ದ ಉಸಿರೆಲ್ಲ ಸೇರಿಸಿ ಆ ಮರಿ ದನೀಲೇ ಕೂಗಿದ. 'ಈಂಗ್'. ಆ ಒಡಕನ್ನೂ ಬಿಡಲಿಲ್ಲ. ಇಡೀ ಹೊಳೆಗೆ ಕೇಳೋ ಹಾಗೆ, ಮತ್ತೆ ಮತ್ತೆ ಕೂಗಿದ.

ಒಂದು ಚುಕ್ಕೆ ತಿರುಗಿತು.

ಅಮ್ಮ ಹೆಬ್ಬಾತು ಅವನ ಹತ್ತಿರ ಬಂದಾಗ ಅವನಿಗೆ ಮಾತಾಡೋಕೂ ಉಸಿರಿರಲಿಲ್ಲ. "ನಾನು ಹೇಳಿದ್ದು ತಪ್ಪು," ಅಂದ. "ನಿಮ್ಮ ಮಗಳು ಜೊಂಡಲ್ಲಿದ್ದಾಳೆ. ನಾನು ಹತ್ತಿರ ಹೋಗಿ ನೋಡಿರಲಿಲ್ಲ."

ಅಮ್ಮ, ಹಿಂದೇನೇ ಅಪ್ಪ, ನೆಟ್ಟಗೆ ಜೊಂಡಿನ ಕಡೆ ಹಾರಿದ್ರು. ಕರಿಯಣ್ಣ ನಿಧಾನಕ್ಕೆ ವಾಪಸ್ ಬರೋ ಹೊತ್ತಿಗೆ ಅವಳು ಜೊಂಡಲ್ಲಿ ಮಗಳ ತಲೆಗೆ ಹತ್ತಿದ್ದ ಕೆಸರನ್ನ ಕೊಕ್ಕಿಂದ ಒಂದೊಂದೇ ಬಿಡಿಸ್ತಾ ಇದ್ದಳು. ಅಪ್ಪ ಒಂದು ಕಡೆ ನಿಂತು ಹುಲ್ಲು ಕಿತ್ತು ಕಿತ್ತು ಮಗಳ ಮುಂದೆ ಹಾಕ್ತಿದ್ದ. ಅಷ್ಟೊಂದು ಅವಳು ತಿನ್ನೋಕೆ ಆಗಲ್ಲ ಅನ್ನೋದೂ ಅವನಿಗೆ ಕಾಣ್ತಿರಲಿಲ್ಲ. ಬೇಟೆಯಿಂದ ಬಂದ ಗಂಗಕ್ಕ ಕರಿಯಣ್ಣನ್ನ ನೋಡಿದಳು.

"ಅಂತೂ ಇಳಿದೆ," ಅಂದಳು. ಅಷ್ಟೇ ಅಂದಿದ್ದು.

ಮಾರನೇ ಬೆಳಿಗ್ಗೆ ಹಾಜರಿ ಹೊತ್ತಿಗೆ ಎಲ್ಲರೂ ಸ್ವಲ್ಪ ಬೇಗಾನೇ ಬಂದಿದ್ರು. ಕರಿಯಣ್ಣ ಏನು ಹೇಳ್ತಾನೆ ಅಂತ ಎಲ್ಲರಿಗೂ ಕುತೂಹಲ. ಮುಳುಗಪ್ಪ ಎಲ್ಲರಿಗಿಂತ ಮುಂದೆ ನಿಂತಿದ್ದ.

ಕರಿಯಣ್ಣ ಮರಳಿನ ಕಡೆಯಿಂದ ಶುರು ಮಾಡಲಿಲ್ಲ, ಜೊಂಡಿನಿಂದ ಶುರು ಮಾಡಿದ. ಸಾಕಿದ ಬಾತು ಅಂತ ತಾನು ಹೇಳಿದ್ದು ಹೆಬ್ಬಾತಿನ ಮರಿ, ತನ್ನಿಂದ ಅದು ಒಂಟಿಯಾಯ್ತು, ಅಪ್ಪ ಅಮ್ಮನೂ ಕೈ ತಪ್ಪಿ ಹೋಗ್ತಿದ್ರು ಅಂತ ಎಲ್ಲರ ಎದುರಿಗೆ ಒಪ್ಪಿಕೊಂಡ. ಆಮೇಲೆ ಉಳಿದೋರ ಹಾಜರಿ ಕೂಗ್ತಾ ಬಂದು, ಮರಳಿನ ಸರದಿ ಬಂದಾಗ ನಿಲ್ಲಿಸಿದ.

"ಅಲ್ಲಿ ನೀರಂಚಲ್ಲಿ ಒಂದು ಸಣ್ಣ ಹಕ್ಕಿ ಇದೆ," ಅಂದ. ಒಂದು ಸಲ ಕಾಲು ಬದಲಿಸಿ ಕೂತ. "ಯಾವುದು ಅಂತ ನನಗೆ ಗೊತ್ತಿಲ್ಲ."

ಈಗ ನಗ್ತಾರೆ ಅಂತ ಕರಿಯಣ್ಣ ಕಾಯ್ತಿದ್ದ.

"ಕಾಲು ಕೆಂಪಾ, ಹಸಿರಾ?" ಅಂತ ಕೇಳಿದ ಮುಳುಗಪ್ಪ.

"ಮಂಜಲ್ಲಿ ಕಾಣ್ತಿಲ್ಲ."

"ಮತ್ತೆ ಮೇಲೆ ಕೂತ್ಕೊಂಡು ಏನು ಮಾಡ್ತೀಯ ಮಾರಾಯ, ಬಾ, ಹೋಗಿ ನೋಡೋಣ."

ಗಂಗಕ್ಕ ಆಗಲೇ ಹೊರಟಿದ್ದಳು. ಹಿಂದೆ ಮುಳುಗಪ್ಪ, ಅವನ ಹಿಂದೆ ಕುಂಡೆಕುಸ್ಕಗಳು ಬಾಲ ಕುಣಿಸ್ಕೊಂಡು. ಆ ಹಕ್ಕಿ ಹೆದರಿ ಹಾರಿಹೋಗಬಾರದು ಅಂತ ಎಲ್ಲರೂ ಸದ್ದು ಮಾಡದೆ ನಡೀತಿದ್ರು. ಕರಿಯಣ್ಣ ಮರ ಬಿಟ್ಟು ಇಳಿದು, ಅವರ ಜೊತೆ ಸೇರ್ಕೊಂಡ.

ನೀತಿ: ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನಿ, ತಪ್ಪು ಹೇಳಿದ್ರೆ ಯಾರಾದ್ರೂ ಕೇಳೋ ಮೊದಲೇ ತಿದ್ದಿ, ನಿಮ್ಮ ಮಾತು ನಂಬಿಕೊಂಡು ಯಾರೋ ಹುಡುಕೋದನ್ನೇ ನಿಲ್ಲಿಸಿರಬಹುದು.