ಜಾಗ ಬದಲಿಸಿದ ಅಕ್ಷರಗಳು

ಒಂದು ಕಂಪ್ಯೂಟರ್ ಕೈಪಿಡಿಯಲ್ಲಿ ದಪ್ಪಕ್ಷರವೂ ಓರೆಯಕ್ಷರವೂ ಇದ್ದವು. ಮೊದಲ ಪುಟದ ಪ್ರಕಾರ ದಪ್ಪ ಪದವನ್ನು ಇದ್ದಂತೆಯೇ ಟೈಪ್ ಮಾಡಬೇಕು, ಓರೆ ಪದದ ಜಾಗದಲ್ಲಿ ನಮ್ಮ ಪದ ಹಾಕಬೇಕು. ಮುಂದಿನ ಪುಟದಲ್ಲಿ ಎಲ್ಲ ತಿರುಗುಮುರುಗು.

ತೀರಿಹೋದ ತಾಯಿಯ ದನಿ ಇದ್ದ ಫೈಲನ್ನು ತೆರೆಯಲು ಜೈನಬಿ ಮೊದಲ ಪುಟದ ನಿಯಮವನ್ನೇ ನಂಬಿ ಆ ಮುಂದಿನ ಪುಟದ ಸಾಲನ್ನು ಟೈಪ್ ಮಾಡಿದಳು. ಕಂಪ್ಯೂಟರ್ ಒಪ್ಪಲಿಲ್ಲ. "ನನಗೇ ತಿಳಿವಳಿಕೆ ಸಾಲದು," ಎಂದು ಕಣ್ಣೊರೆಸಿಕೊಂಡಳು.

"ಓರೆಯೇ, ನಾವು ಜಾಗ ಬದಲಿಸೋಣ," ಎಂದಿತು ದಪ್ಪಕ್ಷರ.

"ಈ ಪುಟ ಬರೆದವರೇ ಬೇರೆ. ನಮ್ಮದೇನು ತಪ್ಪು?"

"ಬರೆದವರು ಹಲವರಪ್ಪ. ಓದುವವಳು ಒಬ್ಬಳೇ."

ಓರೆಯಕ್ಷರ ಆಕೆಯ ಮುಖ ನೋಡಿತು, ಜಾಗ ಬಿಟ್ಟಿತು. ಜೈನಬಿ ಪುಟವನ್ನು ಮತ್ತೆ ಓದಿ ಟೈಪ್ ಮಾಡಿದಳು.

"ಜೈನೂ, ಊಟ ಆಯ್ತಾ ಮಗಳೇ?" ಎಂದಿತು ತಾಯಿಯ ದನಿ.