ಎದುರುಗಾಳಿಯ ದಿನ

ಮರುಳಪ್ಪನೆಂಬ ಶಿಷ್ಯ ಗುರುಗಳ ಮುಂದೆ ಕುಳಿತು ಕೇಳಿದ: “ಗುರುಗಳೇ, ನನ್ನ ಜೊತೆಯವರು ಇನ್ನೂ ಮೊದಲ ಪಾಠದಲ್ಲೇ ಇದ್ದಾರೆ. ಅವರಿಗಾಗಿ ಕಾದು ನನ್ನ ದಿನಗಳು ಹಾಳಾಗುತ್ತಿವೆ. ನಾನೊಬ್ಬನೇ ಮುಂದೆ ಹೋದರೆ ತಪ್ಪೇ?”

ಗುರುಗಳು ತಪ್ಪು ಎನ್ನಲಿಲ್ಲ, ಸರಿ ಎನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಇಪ್ಪತ್ತು ಜನ ಸೈಕಲ್ಲಿನ ಮೇಲೆ ಬೀದರಿನಿಂದ ಚಾಮರಾಜನಗರಕ್ಕೆ ಹೊರಟಿದ್ದರು. ಹನ್ನೆರಡು ದಿನಗಳ ದಾರಿ. ಅವರಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಗಟ್ಟಿ ಕಾಲಿನವನು. ಪ್ರತಿದಿನವೂ ಎಲ್ಲರಿಗಿಂತ ಮೊದಲು ಊರು ಮುಟ್ಟುತ್ತಿದ್ದ, ಮುಟ್ಟಿ ಒಬ್ಬನೇ ಕುಳಿತಿರುತ್ತಿದ್ದ. ಎಲ್ಲರಿಗಿಂತ ಕೊನೆಗೆ ಬರುತ್ತಿದ್ದವಳು ದ್ಯಾಮಕ್ಕ. ಶಾಲೆಯೊಂದರಲ್ಲಿ ಮಕ್ಕಳಿಗೆ ಅಡುಗೆ ಮಾಡುವವಳು, ವಯಸ್ಸು ಐವತ್ತೆಂಟು. ಆ ಶಾಲೆಯ ಮಕ್ಕಳು ಅಡುಗೆಮನೆಯ ಗೋಡೆಗೆ ನಕ್ಷೆ ಅಂಟಿಸಿ, ಅವಳು ತುಳಿದಷ್ಟು ದಾರಿಗೆ ದಿನವೂ ಕೆಂಪು ಗೆರೆ ಎಳೆಯುತ್ತಿದ್ದರು. ಅವಳು ಅವರಿಗೆ ಹೇಳಿ ಬಂದಿದ್ದಳು, “ಜೀಪು ಹತ್ತಿದಷ್ಟು ದೂರ ಗೆರೆ ಎಳೀಬ್ಯಾಡ್ರಿ.”

ಸಾಮಾನಿನ ಜೀಪೊಂದು ಅವರ ಹಿಂದೆ ಬರುತ್ತಿತ್ತು. ಹೊತ್ತು ಮುಳುಗುವುದರೊಳಗೆ ಊರು ಮುಟ್ಟದವರು ಸೈಕಲ್ಲನ್ನು ಅದಕ್ಕೆ ಏರಿಸಲೇಬೇಕು. ಇನ್ನೊಂದು ನಿಯಮವೂ ಇತ್ತು. ದಿನಕ್ಕೊಬ್ಬರು ಸರದಿಯಂತೆ ಕೊನೆಯವರ ಹಿಂದೆಯೇ ಉಳಿಯಬೇಕು. ಅದಕ್ಕೆ ‘ಬಾಲ’ ಎನ್ನುತ್ತಿದ್ದರು.

ಆರನೆಯ ದಿನ ಕೂಡ್ಲಿಗಿಯಿಂದ ಚಿತ್ರದುರ್ಗಕ್ಕೆ ಪಯಣ. ಬಾಲದ ಸರದಿ ವ್ಯಾಪಾರಿಗೆ ಬಂತು. ಅವನು ಮುಖ ಸಿಂಡರಿಸಿಕೊಂಡೇ ದ್ಯಾಮಕ್ಕನ ಹಿಂದೆ ಹೊರಟ. ಅವಳು ಶೇಂಗಾ ಹೊಲ ಕಂಡಲ್ಲಿ ನಿಂತಳು. ಕುರಿಯವರನ್ನು ಕಂಡಲ್ಲಿ ಮಾತಿಗಿಳಿದಳು. ಅವನು ಗಡಿಯಾರ ನೋಡಿಕೊಂಡ.

ಮಧ್ಯಾಹ್ನದ ಮೇಲೆ ಗಾಳಿ ಎದ್ದಿತು. ಎದುರುಗಾಳಿ. ದ್ಯಾಮಕ್ಕ ಎಷ್ಟು ತುಳಿದರೂ ಸೈಕಲ್ಲು ನಿಂತಲ್ಲೇ ನಿಂತಂತಿತ್ತು. ಊರು ಇನ್ನೂ ಮೂವತ್ತು ಕಿಲೋಮೀಟರ್ ದೂರ. ಜೀಪಿನವನು ಪಕ್ಕಕ್ಕೆ ಬಂದು ಬಾಗಿಲು ತೆರೆದ. ಅವಳು ತಲೆಯಾಡಿಸಿ ಹಿಂದಕ್ಕೆ ತಿರುಗಿ ಕೂಗಿದಳು:

“ಸಾಹುಕಾರ್ರೇ, ನೀವು ಹಿಂದೆ ಇದ್ದು ನನಗೇನು ಉಪಕಾರ? ಮುಂದೆ ಬರ್ರಿ. ಗಾಳಿ ನಿಮಗೆ ಬಡೀಲಿ.”

ಅವನಿಗೆ ಬೇಕಾಗಿದ್ದೂ ಅದೇ. ಮುಂದೆ ಬಂದ. ಅಭ್ಯಾಸದ ಬಲ, ನೋಡನೋಡುತ್ತ ನೂರು ಮಾರು ದೂರ ಹೋಗಿಬಿಟ್ಟ. ಹಿಂದಿನಿಂದ ಮತ್ತೆ ಕೂಗು ಬಂತು:

“ಅಷ್ಟು ದೂರ ಹೋದರೆ ನಿಮ್ಮ ಬೆನ್ನಿದ್ದೂ ನನಗೆ ಇಲ್ಲದಂಗೆ!”

ವ್ಯಾಪಾರಿಗೆ ನಗು ಬಂತು. ಹೊರಟ ಮೇಲೆ ಅವನು ನಕ್ಕದ್ದು ಅದೇ ಮೊದಲು. ನಿಂತ. ಅವಳು ಬಂದು ಸೇರಿದ ಮೇಲೆ ಹೊರಟ.

ಜೋರಾಗಿ ತುಳಿಯುವುದು ಅವನಿಗೆ ಗೊತ್ತಿತ್ತು. ಇನ್ನೊಬ್ಬರ ಮುಂದೆ ಒಂದೇ ಮೊಳದ ಅಂತರದಲ್ಲಿ ಹೋಗುವುದು ಗೊತ್ತಿರಲಿಲ್ಲ. ಮೊದಮೊದಲು ಪ್ರತಿ ಏರಿನಲ್ಲೂ ಅಳತೆ ತಪ್ಪಿ ಮುಂದೆ ಹೋದ. ಅವನ ಬೆನ್ನಿನ ಮರೆಯಲ್ಲಿ ತನಗೆ ಗಾಳಿ ತಗ್ಗಿದ ಮೇಲೆ ದ್ಯಾಮಕ್ಕ ಹಾಡಲು ಶುರುಮಾಡಿದಳು. ಉಸಿರು ಸಾಲದಾಗ ಹಾಡು ನಿಲ್ಲುತ್ತಿತ್ತು. ಹಾಡು ನಿಂತರೆ ಅವನು ನಿಧಾನ ಮಾಡುತ್ತಿದ್ದ, ಕೇಳಿಸಿದರೆ ತುಸು ಜೋರು ಮಾಡುತ್ತಿದ್ದ. ಹೀಗೆ ತಿರುಗಿ ನೋಡದೆಯೇ ಅವಳನ್ನು ಎಳೆದುಕೊಂಡು ಹೋದ. ಹೀಗೆ ಎರಡು ತಾಸು ಕಳೆಯುವಷ್ಟರಲ್ಲಿ ಹಾಡಿಗೆ ಅವನೂ ದನಿಗೂಡಿಸಿದ್ದ. ಅವನ ದನಿ ಒಡಕು, ಅವಳು ಅದನ್ನು ಹೇಳಿಯೂ ಹೇಳಿದಳು.

ಊರು ಇನ್ನೂ ಐದು ಕಿಲೋಮೀಟರ್ ಇರುವಾಗ ಹೊತ್ತು ಇಳಿಯತೊಡಗಿತ್ತು. ಎದುರಿನಿಂದ ಗಂಟೆಗಳ ಸದ್ದು ಕೇಳಿತು. ಆಗಲೇ ಊರು ಮುಟ್ಟಿದ್ದ ಹದಿನೆಂಟು ಜನ ಸೈಕಲ್ ತಿರುಗಿಸಿಕೊಂಡು ಬಂದಿದ್ದರು. ಬಂದವರೇ ಇಬ್ಬರ ಮುಂದೆ ಸಾಲುಗಟ್ಟಿದರು. ಗಾಳಿ ಯಾರಿಗೆ ಬಡಿಯಿತೋ, ದ್ಯಾಮಕ್ಕನಿಗಂತೂ ಬಡಿಯಲಿಲ್ಲ. ಸೂರ್ಯ ಇನ್ನೂ ಒಂದು ಗೇಣು ಮೇಲಿರುವಾಗ ಇಪ್ಪತ್ತು ಜನರೂ ಕೂಗು ಹಾಕುತ್ತ ಊರು ಹೊಕ್ಕರು. ಒಂದು ಸೈಕಲ್ಲೂ ಏರದ ಜೀಪು ಹಿಂದಿನಿಂದ ಹಾರ್ನ್ ಹೊಡೆಯುತ್ತ ಬಂತು. ದ್ಯಾಮಕ್ಕ ಇಳಿದವಳೇ ಶಾಲೆಗೆ ಫೋನು ಹಚ್ಚಿ, “ಗೆರೆ ಎಳೀರಿ!” ಎಂದಳು. ವ್ಯಾಪಾರಿ ಸೈಕಲ್ಲಿಗೆ ಒರಗಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಮರುಳಪ್ಪ ಕೇಳಿದ: “ಹಾಗಾದರೆ ಆ ವ್ಯಾಪಾರಿ ಮುಂದೆ ಹೋಗುವುದನ್ನು ಬಿಟ್ಟುಬಿಟ್ಟನೇ?”

“ಯಾಕೆ ಬಿಡಬೇಕು? ಅಷ್ಟು ಗಟ್ಟಿ ಕಾಲು. ಮರುದಿನವೂ ಮುಂದೆಯೇ ಇದ್ದ. ಅವನ ಬೆನ್ನಿನ ಮರೆಯಲ್ಲಿ ಆರು ಜನರಿದ್ದರು.”

“ಅಂದರೆ ನಾನೂ ಹೋಗಬಹುದು.”

“ಹೋಗು ಮರುಳಪ್ಪ,” ಎಂದರು ಗುರುಗಳು, “ಆದರೆ ಇಷ್ಟು ದಿನ ನೀನು ಮುಂದಿದ್ದದ್ದರಿಂದ ಯಾರಿಗೆ ಗಾಳಿ ತಗ್ಗಿತು, ಅವರ ಹೆಸರೊಂದು ಹೇಳಿ ಹೋಗು.”

ಮರುಳಪ್ಪ ಎದ್ದು ಹೋಗಿ ಮೊದಲ ಪಾಠದವರ ನಡುವೆ ಕುಳಿತ.