ಒಡಪಿಲ್ಲದ ಹೆಸರು

“ನಾನು ಬದಲಾಗಿದ್ದೇನೆ ಎಂಬುದನ್ನು ಬರಹದಲ್ಲಿ ನಂಬಿಸುವುದು ಹೇಗೆ, ಗುರುಗಳೇ?” ಎಂದು ಶಿಷ್ಯೆ ಕೇಳಿದಳು.

ಅವಳು ತನ್ನ ಬದುಕಿನ ಕತೆ ಬರೆದಿದ್ದಳು. ತಂಗಿ ತಾನೇ ಮೆಚ್ಚಿದವನನ್ನು ಮದುವೆಯಾದಳೆಂದು ಒಂದು ಕಾಲಕ್ಕೆ ಅವಳ ಮುಖದ ಮೇಲೇ ಕದ ಹಾಕಿಕೊಂಡವಳು ಈಕೆ. ಈಗ ಆ ತಂಗಿ ಒಮ್ಮೆ ಬಂದು ಎದುರಿಗೆ ಕುಳಿತರೆ ಸಾಕಾಗಿತ್ತು. ಬರೆದದ್ದೇ ಅದಕ್ಕಾಗಿ. ಕಲ್ಲಾಗಿದ್ದೆ, ಕರಗಿದೆ ಎಂದು ಬರೆದಳು. ಬತ್ತಿದ ಬಾವಿಯಲ್ಲಿ ಸೆಲೆ ಒಡೆಯಿತು ಎಂದೂ ಬರೆದಳು. ಓದಿದವರೆಲ್ಲ ಹೊಗಳಿದರು. ತಂಗಿ ಮಾತ್ರ, ಮಾತುಗಳು ಚೆನ್ನಾಗಿವೆ, ಅಕ್ಕ ಎಲ್ಲಿಯೂ ಸಿಗಲಿಲ್ಲ ಎಂದು ಹೇಳಿ ಕಳಿಸಿದ್ದಳು.

ಗುರು ಒಂದು ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ವ್ಯಾಪಾರಿಯ ಹೆಂಡತಿ ಇದ್ದಳು. ಆ ಊರಲ್ಲಿ ಹೆಂಗಸರು ಗಂಡನ ಹೆಸರನ್ನು ನೇರವಾಗಿ ಹೇಳುತ್ತಿರಲಿಲ್ಲ. ಹೇಳಿದರೆ ಅವನ ಆಯುಷ್ಯ ಕುಂದುತ್ತದೆ ಎಂಬ ನಂಬಿಕೆ. ಹೇಳಲೇಬೇಕಾದರೆ ಒಂದು ಪದ್ಯ ಕಟ್ಟಿ, ಹೆಸರನ್ನು ಅದರೊಳಗೆ ಹುದುಗಿಸಿ ಹೇಳಬೇಕು. ಅದಕ್ಕೆ ಒಡಪು ಎನ್ನುತ್ತಿದ್ದರು. ಮದುವೆಮನೆಗಳಲ್ಲಿ ಹುಡುಗಿಯರು ಹೊಸ್ತಿಲಿಗೆ ಅಡ್ಡನಿಂತು ಬಂದವರಿಂದ ಒಡಪು ಹೇಳಿಸುವರು. ಅದರಲ್ಲಿ ಈಕೆಯನ್ನು ಮೀರಿಸುವವರಿರಲಿಲ್ಲ. ಮುತ್ತು, ಹವಳ, ಮಲ್ಲಿಗೆ ದಂಡೆ, ಬೆಳ್ಳಿ ಬಟ್ಟಲು ಎಲ್ಲವೂ ಸಾಲುಗಟ್ಟಿ ಬರುತ್ತಿದ್ದವು. ಗಂಡನೊಡನೆ ಆಡಿದ ಮಾತಿಗಿಂತ ಅವನ ಮೇಲೆ ಕಟ್ಟಿದ ಪದ್ಯಗಳೇ ಹೆಚ್ಚು. ಅದರ ಹೆಮ್ಮೆಯೂ ಇತ್ತು.

ಒಂದು ವರ್ಷ ಅವನು ಎತ್ತುಗಳ ಮೇಲೆ ಸರಕು ಹೇರಿಕೊಂಡು ಘಟ್ಟ ಇಳಿದವನು ತಿರುಗಿ ಬರಲಿಲ್ಲ. ಇದ್ದಾನೆಂದೂ ಸುದ್ದಿಯಿಲ್ಲ, ಇಲ್ಲವೆಂದೂ ಸುದ್ದಿಯಿಲ್ಲ. ಘಟ್ಟದ ಕಡೆಯಿಂದ ಬಂದ ಗಾಡಿಗಳನ್ನೆಲ್ಲ ಅವಳು ನಿಲ್ಲಿಸಿ ವಿಚಾರಿಸುತ್ತಿದ್ದಳು. ಹೆಸರೇನು ತಾಯಿ ಎಂದು ಗಾಡಿಯವರು ಕೇಳಿದರೆ ರೂಢಿ ಬಿಡಲಾಗದೆ ಪದ್ಯ ಶುರುಮಾಡುವಳು. ಹೆಸರು ಬರುವಷ್ಟರಲ್ಲಿ ಗಾಡಿ ಮುಂದೆ ಹೋಗಿರುತ್ತಿತ್ತು.

ಹೀಗಿರಲು ನೆರೆಮನೆಯಲ್ಲಿ ಮದುವೆ ಬಂತು. ಹುಡುಗಿಯರು ಅವಳನ್ನೂ ತಡೆದರು.

“ಹೇಳದೆ ಬಿಡೋದಿಲ್ಲ ಚಿಗವ್ವ. ಮುತ್ತು ಹವಳ ಎಲ್ಲ ತೀರಿಹೋದವೇನು?” ಎಂದು ಒಬ್ಬಳು ಕೆಣಕಿದಳು.

ಅವಳು ಬಾಯಿ ತೆರೆದಳು. ಮೊದಲ ಸಾಲು ನಾಲಗೆಗೆ ಬಂದೇ ಬಂತು. ಅದನ್ನು ನುಂಗಿಕೊಂಡಳು. “ಮುರಿಗೆಪ್ಪ” ಎಂದಳು. ಆಮೇಲೆ ಹಾದಿಯ ಕಡೆ ತಿರುಗಿ, ಇನ್ನೊಮ್ಮೆ, ದೂರದವರನ್ನು ಕೂಗುವಂತೆ ಕೂಗಿದಳು.

ಒಬ್ಬ ಮುದುಕಿ ಅವಳ ತೋಳು ಹಿಡಿದು, ಗಂಡನ ಆಯುಷ್ಯ ತಿನ್ನುತ್ತೀಯೇನೇ ಎಂದು ಗದರಿದಳು.

“ಪದ್ಯದಲ್ಲಿ ಸುತ್ತಿ ಕರೆದರೆ ಅವರಿಗೆ ಕೇಳಿಸುವುದಿಲ್ಲ, ಆಯಿ” ಎಂದಳು ಅವಳು.

ಹುಡುಗಿಯರು ಹೊಸ್ತಿಲು ಬಿಟ್ಟು ಸರಿದರು. ಅವಳು ಒಳಗೆ ಹೋಗಲಿಲ್ಲ. ಹಾದಿಯನ್ನೇ ನೋಡುತ್ತ ನಿಂತಳು.

ಇಷ್ಟಕ್ಕೆ ಗುರು ಕತೆ ಮುಗಿಸಿದರು. ಶಿಷ್ಯೆ ತಡೆಯಲಾರದೆ, ಅವನು ಬಂದನೇ ಎಂದು ಕೇಳಿದಳು.

ಗುರು ಅವಳ ಬರಹವನ್ನು ಅವಳ ಮುಂದಕ್ಕೆ ಸರಿಸಿದರು.

“ನಿನ್ನ ಬರಹದಲ್ಲಿ ನಿನ್ನ ತಂಗಿಯ ಹೆಸರು ಯಾವ ಪುಟದಲ್ಲಿದೆ, ತಾಯಿ?” ಎಂದರು.

ಶಿಷ್ಯೆ ಹಾಳೆಗಳನ್ನು ಕೊನೆಯವರೆಗೂ ಮಗುಚಿದಳು; ಹೆಸರು ಎಲ್ಲಿಯೂ ಸಿಗಲಿಲ್ಲ.